ಅಭಿಯಾನದಿಂದ ಸೀಟ್ ಬೆಲ್ಟ್ ಬಳಕೆ ನಿಜಕ್ಕೂ ಹೆಚ್ಚಿತೇ? ಅಳೆಯುವ ಸಮಗ್ರ ಮಾರ್ಗದರ್ಶಿ

ಜನವರಿಯ ರಸ್ತೆ ಸುರಕ್ಷತಾ ಮಾಸಾಚರಣೆ ಮುಗಿದ ಬಳಿಕ ಜಿಲ್ಲೆಗಳಿಂದ, ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳಿಂದ ಮತ್ತು ಸ್ವಯಂಸೇವಾ ಸಂಸ್ಥೆಗಳಿಂದ ಬರುವ ವರದಿಗಳಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಅಂಕಿಗಳಿರುತ್ತವೆ: ಎಷ್ಟು ಕರಪತ್ರ ಹಂಚಲಾಯಿತು, ಜಾಥಾದಲ್ಲಿ ಎಷ್ಟು ವಿದ್ಯಾರ್ಥಿಗಳು ನಡೆದರು, ಎಷ್ಟು ಚಾಲಕರಿಗೆ ಗುಲಾಬಿ ಹೂ ನೀಡಲಾಯಿತು, ಎಷ್ಟು ಪ್ರಕರಣ ದಾಖಲಾಯಿತು. ಇವೆಲ್ಲ ಅಭಿಯಾನ ನಡೆಸಿದವರ ಶ್ರಮದ ಲೆಕ್ಕವೇ ಹೊರತು ಕಾರಿನೊಳಗೆ ಕುಳಿತವರ ನಡವಳಿಕೆಯ ಲೆಕ್ಕವಲ್ಲ. ನಡವಳಿಕೆಯನ್ನು ಎಣಿಸಲು ಹೊರಟ ತಂಡಗಳೂ ಬಹುಪಾಲು ಒಂದೇ ಕಡೆ ಮುಗ್ಗರಿಸುತ್ತವೆ. ಅಭಿಯಾನ ಮುಗಿದ ಮೇಲೆ ಒಂದು ದಿನ ಸರ್ಕಲ್‌ನಲ್ಲಿ ನಿಂತು ಎಣಿಸಿ, "ಶೇ 60 ಮಂದಿ ಬೆಲ್ಟ್ ಧರಿಸಿದ್ದರು" ಎಂದು ಬರೆಯುತ್ತವೆ. ಅಭಿಯಾನಕ್ಕೆ ಮುಂಚೆ ಆ ಸಂಖ್ಯೆ ಎಷ್ಟಿತ್ತು, ಅಭಿಯಾನವೇ ನಡೆಯದ ಊರಿನಲ್ಲಿ ಈಗ ಎಷ್ಟಿದೆ ಎಂಬುದು ತಿಳಿಯದೆ ಈ 60ಕ್ಕೆ ಯಾವ ಅರ್ಥವೂ ಇಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಕೆಲಸದ ಮುಕ್ಕಾಲು ಪಾಲು ಅಭಿಯಾನ ಉದ್ಘಾಟನೆಯಾಗುವ ಮುನ್ನವೇ ಮುಗಿಯಬೇಕು. ಜನವರಿಯಲ್ಲಿ ಅಭಿಯಾನವಿದ್ದರೆ ಅಳತೆಯ ತಯಾರಿ ಅಕ್ಟೋಬರ್‌ನಲ್ಲಿ ಆರಂಭವಾಗಬೇಕು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮಾಡಿ. ಕ್ರಮ ತಪ್ಪಿದರೆ ಮುಂದೆ ಎಷ್ಟೇ ಲೆಕ್ಕ ಹಾಕಿದರೂ ಅದನ್ನು ಸರಿಪಡಿಸಲಾಗದು.

ಬೇಕಾಗುವ ಸಾಮಗ್ರಿ

ಪ್ರತಿ ಸ್ಥಳಕ್ಕೆ ಇಬ್ಬರು ವೀಕ್ಷಕರು, ಬರೆಯುವ ಪ್ಯಾಡ್, ಮುದ್ರಿತ ನಮೂನೆ, ಗಡಿಯಾರ, ಗುರುತಿನ ಚೀಟಿ, ಅನುಮತಿ ಪತ್ರದ ಪ್ರತಿ ಮತ್ತು ಪ್ರತಿಫಲಕ ಪಟ್ಟಿಯಿರುವ ಜಾಕೆಟ್ ಬೇಕು. ಫೋನಿನಲ್ಲಿ ದಾಖಲಿಸುವುದಾದರೆ ಕೋಬೋ ಟೂಲ್‌ಬಾಕ್ಸ್ ಅಥವಾ ಒಡಿಕೆ ಎಂಬ ಸಮೀಕ್ಷಾ ತಂತ್ರಾಂಶಗಳನ್ನು ಬಳಸಬಹುದು. ಎರಡರಲ್ಲಿಯೂ ಕನ್ನಡದಲ್ಲಿ ಪ್ರಶ್ನೆಗಳನ್ನು ಸಿದ್ಧಪಡಿಸಬಹುದು, ನೆಟ್‌ವರ್ಕ್ ಇಲ್ಲದೆಡೆಯೂ ಅವು ಕೆಲಸ ಮಾಡುತ್ತವೆ. ಲೆಕ್ಕಕ್ಕೆ ಎಕ್ಸೆಲ್ ಸಾಕು. ದುಬಾರಿ ಕ್ಯಾಮೆರಾಗಳ ಅಗತ್ಯವಿಲ್ಲ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

"ಅಭಿಯಾನ ಪರಿಣಾಮಕಾರಿಯೇ?" ಎಂಬುದು ಅಳೆಯಬಹುದಾದ ಪ್ರಶ್ನೆಯಲ್ಲ. "ದಾವಣಗೆರೆ ನಗರದಲ್ಲಿ ಹಗಲು ಹೊತ್ತು ಕಾರು ಓಡಿಸುವ ಚಾಲಕರಲ್ಲಿ ಬೆಲ್ಟ್ ಧರಿಸಿದವರ ಪ್ರಮಾಣವು ಅಭಿಯಾನದ ಮುಂಚಿನದಕ್ಕಿಂತ ಎರಡು ವಾರದ ನಂತರ ಮತ್ತು ಆರು ತಿಂಗಳ ನಂತರ ಎಷ್ಟು ಬದಲಾಯಿತು?" ಎಂಬುದು ಅಳೆಯಬಹುದಾದ ಪ್ರಶ್ನೆ. ಯಾರು, ಎಲ್ಲಿ, ಯಾವ ಹೊತ್ತು, ಯಾವ ಅವಧಿ ಎಂಬ ನಾಲ್ಕೂ ವಾಕ್ಯದಲ್ಲಿ ಇರಬೇಕು.

ಚಾಲಕ, ಮುಂದಿನ ಸೀಟಿನ ಪ್ರಯಾಣಿಕ ಮತ್ತು ಹಿಂದಿನ ಸೀಟಿನವರನ್ನು ಮೂರು ಬೇರೆ ಪ್ರಶ್ನೆಗಳಾಗಿಯೇ ಇಟ್ಟುಕೊಳ್ಳಿ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದ ಪ್ರಕಾರ ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟುಗಳಲ್ಲಿ ಕುಳಿತವರೂ ಬೆಲ್ಟ್ ಧರಿಸಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಸೆಕ್ಷನ್ ಬೆಲ್ಟ್ ಧರಿಸದಿದ್ದರೆ 1000 ರೂಪಾಯಿ ದಂಡ ವಿಧಿಸುತ್ತದೆ ಮತ್ತು 14 ವರ್ಷದೊಳಗಿನ ಮಕ್ಕಳ ಹೊಣೆಯನ್ನೂ ಹೊರಿಸುತ್ತದೆ. ಕಾನೂನು ಎಲ್ಲರಿಗೂ ಒಂದೇ ಆದರೂ ಮುಂದಿನ ಮತ್ತು ಹಿಂದಿನ ಸೀಟುಗಳ ನಡುವಿನ ರೂಢಿಯ ಅಂತರ ಬಹಳ ದೊಡ್ಡದು. ಎಲ್ಲರನ್ನೂ ಒಂದೇ ಸರಾಸರಿಗೆ ಸುರಿದರೆ ಆ ಅಂತರ ಮುಚ್ಚಿಹೋಗುತ್ತದೆ.

ಹಂತ 2: ಸುಲಭವಾಗಿ ಸಿಗುವ ಅಂಕಿಗಳನ್ನು ಬದಿಗಿಡಿ

ಸಿದ್ಧವಾಗಿ ಸಿಗುವ ಅಂಕಿಗಳು ಮೂರು, ಮೂರೂ ದಾರಿ ತಪ್ಪಿಸುತ್ತವೆ. ಮೊದಲನೆಯದು ಚಲನ್ ಸಂಖ್ಯೆ. ಪೊಲೀಸರು ಹೆಚ್ಚು ಹೊತ್ತು ತಪಾಸಣೆ ಮಾಡಿದರೆ ಬೆಲ್ಟ್ ಬಳಕೆ ಹೆಚ್ಚುತ್ತಿರುವಾಗಲೂ ಚಲನ್ ಏರುತ್ತದೆ, ತಪಾಸಣೆ ನಿಂತರೆ ಬಳಕೆ ಕುಸಿಯುತ್ತಿರುವಾಗಲೂ ಚಲನ್ ಇಳಿಯುತ್ತದೆ. ವಸೂಲಾದ ದಂಡದ ಮೊತ್ತವಂತೂ ಇನ್ನೂ ನಿರುಪಯುಕ್ತ: 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ನೀಡಿದಾಗ ಹಳೆಯ ಬಾಕಿಯೆಲ್ಲ ಕೆಲವೇ ದಿನಗಳಲ್ಲಿ ಹರಿದುಬಂತು, ಅದಕ್ಕೂ ಆ ವಾರ ಯಾರು ಬೆಲ್ಟ್ ಹಾಕಿದ್ದರು ಎಂಬುದಕ್ಕೂ ಸಂಬಂಧವಿರಲಿಲ್ಲ.

ಎರಡನೆಯದು ಅಪಘಾತದ ಸಾವುಗಳು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ, ಅವರಲ್ಲಿ 8,384 ಚಾಲಕರು ಮತ್ತು 8,331 ಪ್ರಯಾಣಿಕರು. ರಾಷ್ಟ್ರಮಟ್ಟದಲ್ಲಿ ಇದು ಭೀಕರ ಸಂಖ್ಯೆ. ಆದರೆ ಒಂದು ಊರಿಗೆ ಇಳಿದಾಗ ಸಂಖ್ಯೆ ತೀರಾ ಸಣ್ಣದಾಗುತ್ತದೆ. ವರ್ಷಕ್ಕೆ ಸರಾಸರಿ 16 ಸಾವು ಸಂಭವಿಸುವ ಕಡೆ ಯಾವ ಕಾರಣವೂ ಇಲ್ಲದೆ ಬರೀ ಆಕಸ್ಮಿಕದಿಂದಲೇ ಅದು ಒಂದು ವರ್ಷ 8ಕ್ಕೆ ಇಳಿದು ಇನ್ನೊಂದು ವರ್ಷ 24ಕ್ಕೆ ಏರಬಹುದು. ಒಂದು ತಿಂಗಳ ಅಭಿಯಾನದ ಪರಿಣಾಮವನ್ನು ಇದರಲ್ಲಿ ಹುಡುಕುವುದು ವ್ಯರ್ಥ.

ಮೂರನೆಯದು ಜನರ ಸ್ವಂತ ಹೇಳಿಕೆ. "ನೀವು ಬೆಲ್ಟ್ ಧರಿಸುತ್ತೀರಾ?" ಎಂದು ಕೇಳಿದರೆ "ಯಾವಾಗಲೂ" ಎಂಬ ಉತ್ತರವೇ ಹೆಚ್ಚು. ಅಭಿಯಾನದ ನಂತರ ಈ ಉತ್ತರ ಇನ್ನೂ ಹೆಚ್ಚುತ್ತದೆ, ಏಕೆಂದರೆ ಅಭಿಯಾನವು ಮೊದಲು ಕಲಿಸುವುದು ಸರಿಯಾದ ಉತ್ತರವನ್ನು. ಹೇಳಿಕೆಗೆ ಒಂದು ಉಪಯೋಗವಿದೆ, ಅದು ಹಂತ 8ರಲ್ಲಿ ಬರುತ್ತದೆ. ಬಳಕೆಯನ್ನು ಮಾತ್ರ ಕಣ್ಣಾರೆ ನೋಡಿಯೇ ಎಣಿಸಬೇಕು.

ಹಂತ 3: ಹೋಲಿಕೆಗೆ ಇನ್ನೊಂದು ಊರನ್ನು ಆರಿಸಿ

2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ನಿಧನರಾದಾಗ, ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಧರಿಸಿರಲಿಲ್ಲ ಎಂಬ ಸುದ್ದಿ ದೇಶದಾದ್ಯಂತ ಚರ್ಚೆಯಾಯಿತು. ಮರುತಿಂಗಳೇ ಕರ್ನಾಟಕದಲ್ಲಿ ಕಾರಿನಲ್ಲಿರುವ ಎಲ್ಲರೂ ಬೆಲ್ಟ್ ಧರಿಸಬೇಕೆಂಬ ನಿಯಮದ ಕಟ್ಟುನಿಟ್ಟಿನ ಜಾರಿಗೆ ಪೊಲೀಸ್ ಇಲಾಖೆ ಸೂಚನೆ ಹೊರಡಿಸಿತು. ಆ ಎರಡು ತಿಂಗಳ ನಡುವೆ ಯಾವುದೋ ಊರಿನಲ್ಲಿ ಬೀದಿ ನಾಟಕ ಆಡಿಸಿದ ಸಂಸ್ಥೆಯೊಂದು ಮುಂಚೆ ಮತ್ತು ನಂತರ ಎಣಿಸಿದ್ದರೆ, ಏರಿಕೆಯ ಶ್ರೇಯಸ್ಸನ್ನೆಲ್ಲ ನಾಟಕಕ್ಕೇ ಕೊಟ್ಟುಕೊಳ್ಳುತ್ತಿತ್ತು. ಇಂಥ ಹೊರಗಿನ ಪ್ರಭಾವವನ್ನು ಕಳೆಯಲು ಇರುವ ಸರಳ ದಾರಿ, ಅಭಿಯಾನವಿಲ್ಲದ ಊರಿನಲ್ಲಿ ಅದೇ ದಿನಗಳಲ್ಲಿ ಅದೇ ರೀತಿ ಎಣಿಸುವುದು.

ವಿವರಣೆಗಾಗಿ ದಾವಣಗೆರೆಯಲ್ಲಿ ಅಭಿಯಾನ, ಶಿವಮೊಗ್ಗ ಹೋಲಿಕೆ ಎಂದಿಟ್ಟುಕೊಳ್ಳೋಣ. ಎರಡೂ ಮಹಾನಗರ ಪಾಲಿಕೆಗಳು, ಎರಡೂ ಸ್ಮಾರ್ಟ್ ಸಿಟಿ ಯೋಜನೆಗೆ ಸೇರಿದವು, ಎರಡರಲ್ಲಿಯೂ ಸಂಚಾರ ಪೊಲೀಸರು ಜಿಲ್ಲಾ ಎಸ್‌ಪಿ ಅಡಿಯಲ್ಲಿದ್ದಾರೆ. ಹುಬ್ಬಳ್ಳಿಯನ್ನು ಆರಿಸಿದರೆ ಅಲ್ಲಿ ಪೊಲೀಸ್ ಕಮಿಷನರೇಟ್ ಇರುವುದರಿಂದ ತಪಾಸಣೆಯ ಸ್ವರೂಪವೇ ಬೇರೆಯಾಗುತ್ತದೆ. ತುಮಕೂರನ್ನು ಆರಿಸಿದರೆ ಬೆಂಗಳೂರಿನ ವಾಹನಗಳು, ಬೆಂಗಳೂರಿನ ರೂಢಿಗಳು ನುಸುಳುತ್ತವೆ. ಸ್ವಯಂಚಾಲಿತ ಕ್ಯಾಮೆರಾಗಳ ಮೂಲಕ ಬೆಲ್ಟ್ ದಂಡ ಹಾಕುವ ವ್ಯವಸ್ಥೆ ಎರಡೂ ಊರುಗಳಲ್ಲಿ ಎಲ್ಲೆಲ್ಲಿದೆ, ಅಧ್ಯಯನದ ಅವಧಿಯಲ್ಲಿ ಹೊಸದಾಗಿ ಬರಲಿದೆಯೇ ಎಂದು ಮೊದಲೇ ವಿಚಾರಿಸಿ. ಒಂದೇ ಊರಿನಲ್ಲಿ ನಡುವೆ ಕ್ಯಾಮೆರಾ ಬಂದರೆ ಹೋಲಿಕೆ ಮುರಿದುಬೀಳುತ್ತದೆ.

ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ, ರಾಜ್ಯವ್ಯಾಪಿ ಟಿವಿ ಮತ್ತು ಪತ್ರಿಕಾ ಜಾಹೀರಾತಿಗೆ ಹೋಲಿಕೆ ಊರು ಹುಡುಕುವುದು. ಜಾಹೀರಾತು ಎಲ್ಲ ಮನೆಗೂ ತಲುಪುವಾಗ ಅದು ತಲುಪದ ಊರೇ ಇರುವುದಿಲ್ಲ. ಆಗ ಒಂದೇ ಕಡೆ ಪ್ರತಿ ತಿಂಗಳೂ ಎಣಿಸುತ್ತಾ, ಅಭಿಯಾನಕ್ಕೆ ಮುಂಚೆ ಕನಿಷ್ಠ ಎಂಟು ಹತ್ತು ಅಳತೆಗಳನ್ನು ಕೂಡಿಟ್ಟು, ಏರಿಳಿತದ ಗೆರೆ ಅಭಿಯಾನದ ತಿಂಗಳಲ್ಲಿ ಮುರಿಯುತ್ತದೆಯೇ ಎಂದು ನೋಡಬೇಕಾಗುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಪರಿಣಾಮದ ಮಾತು ಆಡದಿರುವುದೇ ಪ್ರಾಮಾಣಿಕತೆ.

ಹಂತ 4: ವೇಳಾಪಟ್ಟಿಯನ್ನು ಬರೆದು ಮುದ್ರೆ ಹಾಕಿ

ಅಭಿಯಾನಕ್ಕೆ ಮುಂಚೆ ಒಂದಲ್ಲ, ಎರಡು ಸುತ್ತು ಎಣಿಸಿ. ಎರಡರ ನಡುವೆ ಸುಮಾರು ಒಂದು ತಿಂಗಳ ಅಂತರವಿರಲಿ. ಬಳಕೆ ಮೊದಲೇ ಏರುತ್ತಿತ್ತೇ ಎಂಬುದು ಗೊತ್ತಾಗುವುದು ಇದರಿಂದ ಮಾತ್ರ. ನಂತರ ಅಭಿಯಾನ ಮುಗಿದ ಎರಡು ವಾರಕ್ಕೆ ಒಂದು, ಮೂರು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು ಸುತ್ತು ಬೇಕು. ಅಭಿಯಾನ ನಡೆಯುತ್ತಿರುವಾಗಲೇ ಎಣಿಸುವ ಆಸೆ ಎಲ್ಲರಿಗೂ ಇರುತ್ತದೆ. ಎಣಿಸಿ, ಆದರೆ ಅದನ್ನು ಫಲಿತಾಂಶವೆಂದು ಕರೆಯಬೇಡಿ. ಸರ್ಕಲ್‌ನಲ್ಲಿ ಪೊಲೀಸರು ಹೂ ಹಿಡಿದು ನಿಂತಿರುವಾಗ ಚಾಲಕರು ಬೆಲ್ಟ್ ಎಳೆದುಕೊಳ್ಳುವುದು ಆ ಕ್ಷಣದ ಸಂಕೋಚದಿಂದ.

ವಾರದ ಅದೇ ದಿನ, ಅದೇ ಗಂಟೆ, ಅದೇ ದಿಕ್ಕಿನ ಸಂಚಾರ ಎಂಬುದನ್ನು ಎಲ್ಲ ಸುತ್ತುಗಳಲ್ಲಿಯೂ ಪಾಲಿಸಿ. ಸಂಕ್ರಾಂತಿ, ಯುಗಾದಿ, ದಸರಾ ರಜೆಗಳಲ್ಲಿ ಹೊರಊರಿನ ಕಾರುಗಳು ತುಂಬಿರುತ್ತವೆ. ಚುನಾವಣೆ ಕಾಲದಲ್ಲಿ ಚೆಕ್‌ಪೋಸ್ಟ್‌ಗಳಿರುತ್ತವೆ. ಈ ದಿನಗಳನ್ನು ತಪ್ಪಿಸಿ. ಜನವರಿಯಿಂದ ಆರು ತಿಂಗಳೆಂದರೆ ಮಳೆಗಾಲ, ಗಾಜಿಗೆ ಮಂಜು ಕಟ್ಟಿ ಒಳಗೆ ಕಾಣುವುದಿಲ್ಲ. ಆದ್ದರಿಂದ ಆ ಸುತ್ತಿಗೆ ಎರಡು ಮೂರು ಬದಲಿ ದಿನಗಳನ್ನು ಮೊದಲೇ ಗುರುತಿಸಿಡಿ.

ಹಂತ 5: ಎಷ್ಟು ಕಡೆ, ಎಷ್ಟು ಕಾರು

ಹೆಚ್ಚಿನ ತಂಡಗಳು ಸೋಲುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಬಳಕೆ ಶೇ 50ರಿಂದ 60ಕ್ಕೆ ಏರಿದರೆ ಅದನ್ನು ಗುರುತಿಸುವ ಅವಕಾಶ ಶೇ 80ರಷ್ಟಾದರೂ ಇರಬೇಕು, ಆಕಸ್ಮಿಕವನ್ನು ಪರಿಣಾಮವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಶೇ 5 ಮೀರಬಾರದು ಎಂದಿಟ್ಟುಕೊಂಡರೆ ಸರಳ ಸೂತ್ರದಂತೆ ಪ್ರತಿ ಸುತ್ತಿಗೆ ಸುಮಾರು 385 ಚಾಲಕರು ಸಾಕು. ಏರಿಕೆ 5 ಅಂಶ ಮಾತ್ರ, ಅಂದರೆ ಶೇ 50ರಿಂದ 55ಕ್ಕೆ ಎಂದು ನಿರೀಕ್ಷಿಸಿದರೆ ಈ ಸಂಖ್ಯೆ 1560ಕ್ಕೆ ಜಿಗಿಯುತ್ತದೆ.

ಆದರೆ ಈ ಸೂತ್ರವು ಪ್ರತಿ ಚಾಲಕನನ್ನೂ ಇಡೀ ಊರಿನಿಂದ ಚೀಟಿ ಎತ್ತಿ ಆರಿಸಲಾಗಿದೆ ಎಂದು ಭಾವಿಸುತ್ತದೆ. ನಾವು ನಿಲ್ಲುವುದು ಕೆಲವು ಜಾಗಗಳಲ್ಲಿ, ಒಂದು ಜಾಗದ ಚಾಲಕರು ಒಬ್ಬರನ್ನೊಬ್ಬರು ಹೋಲುತ್ತಾರೆ: ಕಚೇರಿ ರಸ್ತೆಯಲ್ಲಿ ಬೆಲ್ಟ್ ಹೆಚ್ಚು, ಮಾರುಕಟ್ಟೆಯ ಗಲ್ಲಿಯಲ್ಲಿ ಕಡಿಮೆ. ಈ ಹೋಲಿಕೆಯ ಪ್ರಮಾಣವನ್ನು 0.05 ಎಂದು ತೆಗೆದುಕೊಂಡು ಪ್ರತಿ ಜಾಗದಲ್ಲಿ 60 ಚಾಲಕರನ್ನು ಎಣಿಸಿದರೆ, ಬೇಕಾದ ಸಂಖ್ಯೆಯನ್ನು 1 + 59 × 0.05, ಅಂದರೆ 3.95ರಿಂದ ಗುಣಿಸಬೇಕು. 385 ಹೋಗಿ ಸುಮಾರು 1520 ಆಗುತ್ತದೆ, 26 ಜಾಗಗಳು ಬೇಕಾಗುತ್ತವೆ. ಪ್ರತಿ ಜಾಗದಲ್ಲಿ 20 ಮಂದಿಯನ್ನಷ್ಟೇ ಎಣಿಸಿದರೆ ಗುಣಕ 1.95ಕ್ಕೆ ಇಳಿದು ಒಟ್ಟು 750 ಚಾಲಕರು, 38 ಜಾಗಗಳು ಸಾಕಾಗುತ್ತವೆ. ಒಂದೇ ಸರ್ಕಲ್‌ನಲ್ಲಿ ಇಡೀ ದಿನ ನಿಂತು ಎರಡು ಸಾವಿರ ಕಾರು ಎಣಿಸುವವರಿಗೆ ಸಿಗುವುದು ಆ ಸರ್ಕಲ್‌ನ ಸುದ್ದಿ ಮಾತ್ರ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವ ಲೆಕ್ಕ ರಸ್ತೆಗೆ ಅನ್ವಯಿಸುವುದಿಲ್ಲ.

ಜಾಗಗಳ ಆಯ್ಕೆಗೆ ಊರಿನ ರಸ್ತೆಗಳನ್ನು ನಾಲ್ಕು ಬಗೆಯಾಗಿ ಪಟ್ಟಿ ಮಾಡಿ: ಊರಿನೊಳಗೆ ಬರುವ ಮುಖ್ಯ ರಸ್ತೆಗಳು, ಮಾರುಕಟ್ಟೆ, ಬಡಾವಣೆ, ಶಾಲಾ ಕಾಲೇಜು ಮತ್ತು ಆಸ್ಪತ್ರೆಗಳ ಸುತ್ತ. ಪ್ರತಿ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿ. ನಿಲ್ಲಲು ನೆರಳಿದೆ, ಪಕ್ಕದಲ್ಲಿ ಚಹಾ ಸಿಗುತ್ತದೆ ಎಂಬ ಕಾರಣಕ್ಕೆ ಜಾಗ ಬದಲಿಸಬಾರದು. ದಾವಣಗೆರೆಯ ಹಳೆ ಪಿ.ಬಿ. ರಸ್ತೆ, ಶಾಮನೂರು ರಸ್ತೆ, ಹದಡಿ ರಸ್ತೆ ಪಟ್ಟಿಯಲ್ಲಿರಲಿ. ಆದರೆ ಊರಿನ ಹೊರಗೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ನ್ನು ಸೇರಿಸಬೇಡಿ. ಅಲ್ಲಿ ಓಡುವ ಬಹಳಷ್ಟು ಕಾರುಗಳು ಬೆಂಗಳೂರಿನಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವಂಥವು, ನಿಮ್ಮ ಅಭಿಯಾನದ ಒಂದು ಫ್ಲೆಕ್ಸನ್ನೂ ಅವು ಕಂಡಿರುವುದಿಲ್ಲ.

ಹಂತ 6: ನಮೂನೆಯನ್ನು ಸಿದ್ಧಪಡಿಸಿ

ನಮೂನೆಯಲ್ಲಿ ಸಾಲಿಗೊಂದು ಕಾರು. ಬಿಳಿ ಬೋರ್ಡೋ ಹಳದಿ ಬೋರ್ಡೋ, ನೋಂದಣಿಯ ಜಿಲ್ಲಾ ಸಂಕೇತ ಸ್ಥಳೀಯವೋ (ದಾವಣಗೆರೆಗೆ ಕೆಎ 17, ಶಿವಮೊಗ್ಗಕ್ಕೆ ಕೆಎ 14) ಬೇರೆಯೋ, ಚಾಲಕ, ಮುಂದಿನ ಪ್ರಯಾಣಿಕ, ಹಿಂದಿನ ಪ್ರಯಾಣಿಕರ ಸಂಖ್ಯೆ ಮತ್ತು ಪ್ರತಿಯೊಬ್ಬರ ಬೆಲ್ಟ್ ಸ್ಥಿತಿ. ಪೂರ್ತಿ ನೋಂದಣಿ ಸಂಖ್ಯೆಯನ್ನು ಬರೆಯಬೇಡಿ, ಫೋಟೊ ತೆಗೆಯಬೇಡಿ. ಅದು ಅಳತೆಗೆ ಬೇಕಿಲ್ಲ, ಜನರ ಸಂಶಯಕ್ಕೆ ಮಾತ್ರ ಕಾರಣವಾಗುತ್ತದೆ.

ಬೆಲ್ಟ್ ಸ್ಥಿತಿಗೆ "ಹೌದು", "ಇಲ್ಲ" ಎಂಬ ಎರಡೇ ಆಯ್ಕೆ ಕೊಟ್ಟರೆ ನಮೂನೆ ಕೆಟ್ಟಂತೆ. ಕನಿಷ್ಠ ನಾಲ್ಕು ಬೇಕು: ಸರಿಯಾಗಿ ಧರಿಸಿದ್ದಾರೆ, ಧರಿಸಿಲ್ಲ, ತಪ್ಪಾಗಿ ಧರಿಸಿದ್ದಾರೆ, ಕಾಣಲಿಲ್ಲ. ಮೂರನೆಯದರಲ್ಲಿ ಬೆಲ್ಟನ್ನು ಕಂಕುಳ ಕೆಳಗೆ ಹಾಯಿಸಿದವರು, ಲಾಕ್ ಮಾಡದೆ ಭುಜದ ಮೇಲೆ ಎಳೆದು ಕೈಯಲ್ಲಿ ಹಿಡಿದವರು, ಬೆನ್ನ ಹಿಂದೆ ಹಾಯಿಸಿ ಲಾಕ್ ಮಾಡಿ ಬೀಪ್ ಸದ್ದು ನಿಲ್ಲಿಸಿದವರು ಸೇರುತ್ತಾರೆ. 2019ರ ಜುಲೈ 1ರಿಂದ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಎಚ್ಚರಿಕೆ ಸದ್ದು ಕಡ್ಡಾಯವಾದ ಮೇಲೆ ಈ ಉಪಾಯಗಳು ಹೆಚ್ಚಿವೆ; ಸದ್ದು ನಿಲ್ಲಿಸಲೆಂದೇ ಮಾರುತ್ತಿದ್ದ ಕ್ಲಿಪ್‌ಗಳ 13,118 ಪುಟಗಳನ್ನು ಆನ್‌ಲೈನ್ ಮಳಿಗೆಗಳಿಂದ ತೆಗೆಸಲಾಗಿದೆ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಪ್ರಕಟಿಸಿದ್ದು ನೆನಪಿರಬಹುದು.

"ಕಾಣಲಿಲ್ಲ" ಎಂಬುದನ್ನು "ಧರಿಸಿಲ್ಲ" ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದ್ದರೂ ಅಂಥ ಕಾರುಗಳು ಬರುತ್ತಲೇ ಇರುತ್ತವೆ. ಕಪ್ಪು ಅಂಗಿಯ ಮೇಲೆ ಕಪ್ಪು ಬೆಲ್ಟ್, ಸೆರಗು ಅಥವಾ ದುಪಟ್ಟಾದ ಕೆಳಗೆ ಹೋದ ಬೆಲ್ಟ್ ಕೂಡ ಇದೇ ಗುಂಪಿಗೆ ಸೇರುತ್ತವೆ.

ಹಂತ 7: ವೀಕ್ಷಕರಿಗೆ ತರಬೇತಿ ಕೊಟ್ಟು ರಸ್ತೆಗೆ ಕಳುಹಿಸಿ

ಒಂದು ಪೂರ್ತಿ ದಿನ ತರಬೇತಿಗೆ ಇಡಿ. ಅರ್ಧ ದಿನ ನಿಂತ ಕಾರಿನಲ್ಲಿ ಬೇರೆ ಬೇರೆ ರೀತಿ ಬೆಲ್ಟ್ ಧರಿಸಿ ತೋರಿಸಿ, ಉಳಿದರ್ಧ ದಿನ ರಸ್ತೆಯಲ್ಲಿ ಇಬ್ಬರು ಪರಸ್ಪರ ನೋಡಿಕೊಳ್ಳದೆ ಅದೇ 100 ಕಾರುಗಳನ್ನು ದಾಖಲಿಸಲಿ. ಇಬ್ಬರ ಉತ್ತರ 90 ಕಡೆ ಹೊಂದಿತೆಂದು ಹಿಗ್ಗಬೇಡಿ. ಇಬ್ಬರೂ ಶೇ 80ರಷ್ಟು ಸಲ "ಧರಿಸಿದ್ದಾರೆ" ಎಂದೇ ಬರೆದಿದ್ದರೆ, ಕಣ್ಣು ಮುಚ್ಚಿ ಬರೆದರೂ 68 ಕಡೆ ಉತ್ತರ ಹೊಂದುತ್ತಿತ್ತು. ಆಕಸ್ಮಿಕ ಹೊಂದಿಕೆಯನ್ನು ಕಳೆದು ಹೇಳುವ ಕಪ್ಪಾ ಎಂಬ ಅಳತೆ ಇಲ್ಲಿ 90ರಿಂದ 68 ಕಳೆದು ಬಂದ 22ನ್ನು, 100ರಿಂದ 68 ಕಳೆದು ಬಂದ 32ರಿಂದ ಭಾಗಿಸಿದಾಗ ಸುಮಾರು 0.69 ಬರುತ್ತದೆ. 0.80 ಮುಟ್ಟುವವರೆಗೆ ತರಬೇತಿ ಮುಂದುವರಿಯಲಿ.

ನಿಲ್ಲುವ ಜಾಗ ಮುಖ್ಯ. ನಮ್ಮ ಕಾರುಗಳಲ್ಲಿ ಚಾಲಕ ಬಲಗಡೆ, ಅವನ ಬೆಲ್ಟ್ ಬಲ ಭುಜದಿಂದ ಎಡ ಸೊಂಟಕ್ಕೆ ಇಳಿಯುತ್ತದೆ. ಅಗಲವಾದ ಡಿವೈಡರ್ ಇದ್ದರೆ ಅಲ್ಲಿ ನಿಂತು ಬರುವ ಸಂಚಾರಕ್ಕೆ ಮುಖ ಮಾಡಿದರೆ ಚಾಲಕ ಸ್ಪಷ್ಟವಾಗಿ ಕಾಣುತ್ತಾನೆ. ಎಡಬದಿಯ ಫುಟ್‌ಪಾತ್‌ನಿಂದ ಮುಂದಿನ ಪ್ರಯಾಣಿಕ ಹೆಚ್ಚು ಸ್ಪಷ್ಟ. ಹಿಂದಿನ ಸೀಟು ಕಾಣುವುದು ಸಿಗ್ನಲ್‌ನಲ್ಲಿ ಕಾರು ನಿಂತಾಗ ಮಾತ್ರ, ಆದ್ದರಿಂದ ಆ ಎಣಿಕೆಗೆ ಸಿಗ್ನಲ್ ಇರುವ ಜಾಗಗಳನ್ನೇ ಬಳಸಿ. ಯಾವ ಕಾರಣಕ್ಕೂ ಕಾರುಗಳ ನಡುವೆ ನಡೆಯಬಾರದು. ಒಬ್ಬರು ನೋಡಿ ಹೇಳಲಿ, ಇನ್ನೊಬ್ಬರು ಬರೆಯಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಅದಲುಬದಲಾಗಲಿ.

ಯಾವ ಕಾರನ್ನು ಎಣಿಸಬೇಕು ಎಂಬುದನ್ನು ವೀಕ್ಷಕರ ಇಷ್ಟಕ್ಕೆ ಬಿಡಬೇಡಿ. ಒಂದು ವಿದ್ಯುತ್ ಕಂಬವನ್ನು ಗುರುತಾಗಿಟ್ಟುಕೊಂಡು, ಹಿಂದಿನ ಕಾರನ್ನು ಬರೆದು ಮುಗಿಸಿದ ಮೇಲೆ ಹತ್ತಿರದ ಲೇನ್‌ನಲ್ಲಿ ಆ ಕಂಬವನ್ನು ಮೊದಲು ದಾಟುವ ಕಾರನ್ನೇ ತೆಗೆದುಕೊಳ್ಳಬೇಕು. ನಿಯಮವಿಲ್ಲದಿದ್ದರೆ ಕಣ್ಣು ಬೆಲ್ಟ್ ಹಾಕದವರ ಕಡೆಗೇ ಹೋಗುತ್ತದೆ.

ಅನುಮತಿಯನ್ನು ಎಸ್‌ಪಿ ಕಚೇರಿಯಿಂದ ಮತ್ತು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಿಂದ ಪಡೆಯಿರಿ, ಆದರೆ ಯಾವ ದಿನ ಯಾವ ಸರ್ಕಲ್ ಎಂಬುದು ಆ ಜಾಗದ ಸಿಬ್ಬಂದಿಗೆ ಮುಂಚಿತವಾಗಿ ತಿಳಿಯದಿರಲಿ. ನೆರವಾಗುವ ಉದ್ದೇಶದಿಂದಲೇ ಅವರು ಅಂದು ಅಲ್ಲಿ ಬೆಲ್ಟ್ ತಪಾಸಣೆ ಆರಂಭಿಸಿಬಿಡುತ್ತಾರೆ! ಎಣಿಕೆಯ ಹೊತ್ತಿಗೆ ನೂರು ಮೀಟರ್‌ನೊಳಗೆ ತಪಾಸಣೆ ಕಂಡರೆ ಎಣಿಕೆ ನಿಲ್ಲಿಸಿ, ಬದಲಿ ದಿನಕ್ಕೆ ಮುಂದೂಡಿ. ಜಾಕೆಟ್‌ನ ಬಣ್ಣವೂ ಸಂಚಾರ ಪೊಲೀಸರದ್ದನ್ನು ಹೋಲದಿರಲಿ.

ಹಂತ 8: ಅಭಿಯಾನ ಜನರನ್ನು ತಲುಪಿತೇ ಎಂದು ಬೇರೆಯಾಗಿ ಕೇಳಿ

ಬಳಕೆ ಏರದಿದ್ದರೆ ಕಾರಣ ಎರಡಿರಬಹುದು: ಸಂದೇಶ ತಲುಪಲೇ ಇಲ್ಲ, ಅಥವಾ ತಲುಪಿಯೂ ಕೆಲಸ ಮಾಡಲಿಲ್ಲ. ಇದನ್ನು ಬಿಡಿಸಲು ಪೆಟ್ರೋಲ್ ಬಂಕ್ ಅನುಕೂಲವಾದ ಜಾಗ. ಬಂಕಿನ ಪ್ರವೇಶದಲ್ಲಿ ಒಬ್ಬರು, ಚಾಲಕ ಬೆಲ್ಟ್ ಬಿಚ್ಚುವ ಮೊದಲೇ, ಅವರ ಬೆಲ್ಟ್ ಸ್ಥಿತಿಯನ್ನು ದಾಖಲಿಸಲಿ. ಟೈರಿಗೆ ಗಾಳಿ ತುಂಬುವ ಜಾಗದ ಬಳಿ ಇನ್ನೊಬ್ಬರು ಎರಡು ನಿಮಿಷದ ಪ್ರಶ್ನೆ ಕೇಳಲಿ. ಪಂಪ್‌ಗಳ ಹತ್ತಿರ ಫೋನ್ ಬಳಸುವಂತಿಲ್ಲ, ಇಲ್ಲಿ ಕಾಗದದ ನಮೂನೆಯೇ ಇರಲಿ. "ಕಳೆದ ಒಂದು ತಿಂಗಳಲ್ಲಿ ರಸ್ತೆ ಸುರಕ್ಷತೆ ಬಗ್ಗೆ ಏನಾದರೂ ನೋಡಿದಿರಾ, ಕೇಳಿದಿರಾ?" ಎಂದು ಮೊದಲು ಸುಳಿವಿಲ್ಲದೆ ಕೇಳಿ, ನಂತರ ಅಭಿಯಾನದ ಘೋಷವಾಕ್ಯಗಳನ್ನು ತೋರಿಸಿ ಗುರುತಿಸಲು ಹೇಳಿ. ಆ ಪಟ್ಟಿಯಲ್ಲಿ ಎಲ್ಲಿಯೂ ಬಳಸದ ಒಂದು ಘೋಷವಾಕ್ಯವನ್ನು ಬೇಕೆಂದೇ ಸೇರಿಸಿ. ಅದನ್ನೂ "ನೋಡಿದ್ದೇವೆ" ಎನ್ನುವವರು ಶೇ 20ರಷ್ಟಿದ್ದರೆ, ನಿಜವಾದ ಘೋಷವಾಕ್ಯಕ್ಕೆ ಬಂದ ಶೇ 50ರಲ್ಲಿಯೂ ಅಂಥ ಹುಸಿ ಒಪ್ಪಿಗೆ ಸೇರಿದೆ ಎಂದು ತಿಳಿಯಬೇಕು.

ಅಭಿಯಾನ ಕಂಡವರಲ್ಲಿ ಬೆಲ್ಟ್ ಬಳಕೆ ಹೆಚ್ಚು ಎಂದು ಬಂದರೂ ಅದನ್ನೇ ಪರಿಣಾಮವೆಂದು ಬರೆಯಬೇಡಿ. ಮೊದಲಿನಿಂದಲೂ ಎಚ್ಚರಿಕೆಯಿಂದ ಓಡಿಸುವವರೇ ಇಂಥ ಫಲಕಗಳನ್ನು ಓದುವವರೂ ಆಗಿರುತ್ತಾರೆ.

ಇದೇ ಅವಧಿಯಲ್ಲಿ ಪೊಲೀಸ್ ತಪಾಸಣೆಯ ದಿನಚರಿಯನ್ನೂ ಎರಡೂ ಊರುಗಳಿಂದ ಸಂಗ್ರಹಿಸಿ: ಯಾವ ದಿನ, ಎಷ್ಟು ಗಂಟೆ, ಎಷ್ಟು ಕಡೆ. ಪ್ರಚಾರ ಮತ್ತು ತಪಾಸಣೆ ಜೊತೆಯಲ್ಲೇ ನಡೆದರೆ ಬಂದ ಏರಿಕೆ ಎರಡರದ್ದೂ ಹೌದು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ 1993ರಲ್ಲಿ ಆರಂಭಿಸಿದ ಕಾರ್ಯಕ್ರಮ ಬೇಕೆಂದೇ ಎರಡನ್ನೂ ಜೋಡಿಸಿತ್ತು, ತಪಾಸಣೆ ಇದೆ ಎಂಬುದನ್ನೇ ಪ್ರಚಾರ ಮಾಡಿತ್ತು. ಅದರಲ್ಲಿ ತಪ್ಪಿಲ್ಲ. ತಪಾಸಣೆಯಿಂದ ಬಂದದ್ದನ್ನು ಬೀದಿ ನಾಟಕದ ಹೆಸರಿಗೆ ಬರೆಯುವುದು ತಪ್ಪು.

ಹಂತ 9: ಲೆಕ್ಕ ಹಾಕಿ

ಕಲ್ಪಿತ ಅಂಕಿಗಳಿಂದಲೇ ನೋಡೋಣ. ದಾವಣಗೆರೆಯಲ್ಲಿ ಚಾಲಕರ ಬಳಕೆ ಶೇ 42ರಿಂದ 57ಕ್ಕೆ, ಶಿವಮೊಗ್ಗದಲ್ಲಿ ಶೇ 40ರಿಂದ 46ಕ್ಕೆ ಏರಿತು. ದಾವಣಗೆರೆಯ ಏರಿಕೆ 15 ಅಂಶ, ಶಿವಮೊಗ್ಗದ್ದು 6. ಅಭಿಯಾನವಿಲ್ಲದೆಯೂ ಆಗುತ್ತಿದ್ದ 6ನ್ನು ಕಳೆದರೆ ಉಳಿಯುವುದು 9 ಅಂಶ. ವರದಿಗೆ ಹೋಗಬೇಕಾದ ಸಂಖ್ಯೆ 15 ಅಲ್ಲ, 9.

ಈ 9ರ ಸುತ್ತಲಿನ ಅನಿಶ್ಚಿತತೆ ಎಷ್ಟು? ಪ್ರತಿ ಊರಿನಲ್ಲಿ ಪ್ರತಿ ಸುತ್ತಿಗೆ 26 ಜಾಗ, 1560 ಚಾಲಕರು ಎಂದುಕೊಂಡರೂ, 3.95ರಿಂದ ಭಾಗಿಸಿದಾಗ ಪ್ರತಿ ಅಳತೆಯ ನಿಜವಾದ ತೂಕ 395 ಮಂದಿಯದ್ದು ಮಾತ್ರ. ಇಂಥ ನಾಲ್ಕು ಅಳತೆಗಳ ದೋಷ ಕೂಡಿಕೊಂಡು, ಪ್ರತಿ ಸುತ್ತಿನ ಎಣಿಕೆಯೂ ಸ್ವತಂತ್ರವೆಂದು ಭಾವಿಸಿದರೆ, ಉತ್ತರ 9 ± 9.7 ಆಗುತ್ತದೆ. ಅಂದರೆ ಪರಿಣಾಮ ಸೊನ್ನೆಯೂ ಆಗಿರಬಹುದು. ಮುಂಚೆ ಮತ್ತು ನಂತರದ ಹೋಲಿಕೆಗೆ ಸಾಕೆನಿಸಿದ ಸಂಖ್ಯೆ ಎರಡು ಊರುಗಳ ಹೋಲಿಕೆಗೆ ಸಾಲದು ಎಂಬುದು ಹಲವರಿಗೆ ಕೊನೆಯಲ್ಲಿ ತಿಳಿಯುತ್ತದೆ.

ಆದರೆ ಎಲ್ಲ ಸುತ್ತುಗಳಲ್ಲಿಯೂ ಅದೇ ಜಾಗಗಳಲ್ಲಿ ನಿಂತಿದ್ದರೆ ಈ ಸಂಕಟ ಬಹುಪಾಲು ಪರಿಹಾರವಾಗುತ್ತದೆ. ಎಕ್ಸೆಲ್‌ನಲ್ಲಿ ಜಾಗಕ್ಕೊಂದು ಸಾಲು ಇಟ್ಟು, ನಂತರದ ಶೇಕಡಾವಾರಿನಿಂದ ಮುಂಚಿನ ಶೇಕಡಾವಾರನ್ನು ಕಳೆದು ಪ್ರತಿ ಜಾಗದ ಬದಲಾವಣೆಯನ್ನು ಬರೆಯಿರಿ. ಮಾರುಕಟ್ಟೆ ಮತ್ತು ಕಚೇರಿ ರಸ್ತೆಗಳ ಸ್ಥಿರ ವ್ಯತ್ಯಾಸ ಈ ಕಳೆಯುವಿಕೆಯಲ್ಲೇ ಹೋಗಿಬಿಡುತ್ತದೆ. ಎರಡೂ ಊರುಗಳಲ್ಲಿ ಈ ಬದಲಾವಣೆಗಳ ಪ್ರಮಾಣಿತ ವಿಚಲನೆ (ಜಾಗದಿಂದ ಜಾಗಕ್ಕೆ ಇರುವ ಹರಡುವಿಕೆಯ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಷನ್) 10 ಅಂಶವಾಗಿದ್ದರೆ, ವ್ಯತ್ಯಾಸದ ದೋಷ 100/26 + 100/26ರ ವರ್ಗಮೂಲ, ಅಂದರೆ 2.77. ಅದರ ಎರಡರಷ್ಟಕ್ಕಿಂತ ತುಸು ಹೆಚ್ಚನ್ನು ಆಚೀಚೆ ಇಟ್ಟರೆ ಉತ್ತರ 9 ± 5.6. ಈಗ "3.4ರಿಂದ 14.6 ಅಂಶಗಳ ನಡುವೆ" ಎಂದು ಹೇಳಲು ಆಧಾರವಿದೆ. ಒಂದು ಮಾತು ಬಾಕಿ ಇದೆ: ಒಂದೊಂದೇ ಊರು ಇರುವಾಗ, ದಾವಣಗೆರೆಯಲ್ಲಿ ಮಾತ್ರ ಅದೇ ತಿಂಗಳು ನಡೆದ ಬೇರಾವುದೋ ಘಟನೆಯ ಪ್ರಭಾವವನ್ನು ಈ ± ಹಿಡಿಯುವುದಿಲ್ಲ. ಸಾಧ್ಯವಿದ್ದರೆ ಎರಡು ಮೂರು ಜೋಡಿ ಊರುಗಳನ್ನು ತೆಗೆದುಕೊಳ್ಳಿ.

ವಾಹನಗಳ ಮಿಶ್ರಣವನ್ನೂ ಪರೀಕ್ಷಿಸಿ. ಹಳದಿ ಬೋರ್ಡ್ ಚಾಲಕರಲ್ಲಿ ಬಳಕೆ ಶೇ 80, ಬಿಳಿ ಬೋರ್ಡ್‌ನವರಲ್ಲಿ ಶೇ 50 ಇದ್ದು, ಎಣಿಕೆಯಲ್ಲಿ ಟ್ಯಾಕ್ಸಿಗಳ ಪಾಲು ಶೇ 20ರಿಂದ 40ಕ್ಕೆ ಏರಿದರೆ, ಒಬ್ಬರೂ ಬದಲಾಗದಿದ್ದರೂ ಒಟ್ಟು ಬಳಕೆ 56ರಿಂದ 62ಕ್ಕೆ ಏರಿದಂತೆ ಕಾಣುತ್ತದೆ. ಆದ್ದರಿಂದ ಎರಡೂ ಗುಂಪುಗಳ ಲೆಕ್ಕವನ್ನು ಬೇರೆ ಬೇರೆ ಮಾಡಿ, ಮೊದಲ ಸುತ್ತಿನ ಪಾಲನ್ನೇ ಎಲ್ಲ ಸುತ್ತುಗಳಿಗೂ ಬಳಸಿ.

ಹಂತ 10: ವರದಿ ಬರೆಯುವ ಮುನ್ನ ಈ ಚಿಹ್ನೆಗಳನ್ನು ಹುಡುಕಿ

ಚಾಲಕರ ಸಾಲಿನಲ್ಲಿ "ಕಾಣಲಿಲ್ಲ" ಎಂಬುದು ಶೇ 10 ಮೀರಿದ್ದರೆ ಅಥವಾ ಸುತ್ತಿನಿಂದ ಸುತ್ತಿಗೆ ಬಹಳ ಬದಲಾಗಿದ್ದರೆ ನಿಂತ ಜಾಗದಲ್ಲಿ ಏನೋ ತೊಂದರೆಯಿದೆ. ಅವರನ್ನೆಲ್ಲ ಒಮ್ಮೆ "ಧರಿಸಿದ್ದಾರೆ" ಎಂದೂ ಒಮ್ಮೆ "ಇಲ್ಲ" ಎಂದೂ ಎಣಿಸಿ, ತೀರ್ಮಾನ ಬದಲಾಗುತ್ತದೆಯೇ ನೋಡಿ. ಒಂದೇ ಜಾಗ 40 ಅಂಶ ಜಿಗಿದಿದ್ದರೆ ಅಂದು ಅಲ್ಲಿ ಪೊಲೀಸ್ ವಾಹನ ನಿಂತಿತ್ತೇ ಎಂದು ವಿಚಾರಿಸಿ. ಒಬ್ಬ ವೀಕ್ಷಕರ ಎಲ್ಲ ಜಾಗಗಳೂ 50, 60, 70 ಎಂಬ ದುಂಡು ಸಂಖ್ಯೆಗಳಾಗಿದ್ದರೆ ನಮೂನೆಯನ್ನು ನೆರಳಿನಲ್ಲಿ ಕುಳಿತು ತುಂಬಿದ್ದಾರೆ ಎಂದೇ ಅರ್ಥ. ಅಭಿಯಾನಕ್ಕೆ ಮುಂಚಿನ ಎರಡು ಸುತ್ತುಗಳ ನಡುವೆಯೇ ಬಳಕೆ ಏರಿದ್ದು, ನಂತರದ ಏರಿಕೆಯೂ ಅದೇ ವೇಗದ್ದಾಗಿದ್ದರೆ ಪರಿಣಾಮವಿಲ್ಲ. ಮುಂದಿನ ಸೀಟಿನಲ್ಲಿ ದೊಡ್ಡ ಏರಿಕೆ, ಹಿಂದಿನ ಸೀಟಿನಲ್ಲಿ ಸೊನ್ನೆ ಎಂದು ಬಂದರೆ ದಂಡದ ಭಯವೇ ಕೆಲಸ ಮಾಡಿರುವ ಸಂಭವ ಹೆಚ್ಚು, ಏಕೆಂದರೆ ತಪಾಸಣೆಯ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಮುಂದಿನವರೇ.

ಹಂತ 11: ವರದಿ

ಮೊದಲ ಪುಟದಲ್ಲಿ ನಾಲ್ಕು ಶೇಕಡಾವಾರುಗಳು, ನಿವ್ವಳ ವ್ಯತ್ಯಾಸ, ಅದರ ಎರಡು ಅಂಚುಗಳು, ಜಾಗಗಳ ಮತ್ತು ಚಾಲಕರ ಸಂಖ್ಯೆ, ತಪಾಸಣೆಯ ಗಂಟೆಗಳು. ನಂತರ ಮುಂದಿನ ಪ್ರಯಾಣಿಕರು ಮತ್ತು ಹಿಂದಿನ ಸೀಟಿನವರ ಬೇರೆ ಬೇರೆ ಕೋಷ್ಟಕಗಳು. ಬೆಲ್ಟ್ ಧರಿಸುವುದರಿಂದ ಮುಂದಿನ ಸೀಟಿನವರ ಸಾವಿನ ಅಪಾಯ ಶೇ 45ರಿಂದ 50ರಷ್ಟು, ಹಿಂದಿನ ಸೀಟಿನವರ ಸಾವು ಮತ್ತು ತೀವ್ರ ಗಾಯದ ಅಪಾಯ ಶೇ 25ರಷ್ಟು ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಇದನ್ನು ನಿಮ್ಮ 9 ಅಂಶಕ್ಕೆ ಗುಣಿಸಿ "ಇಷ್ಟು ಜೀವ ಉಳಿಯಿತು" ಎಂದು ಬರೆಯಲು ಹೋಗಬೇಡಿ. ಹಗಲಿನ ನಗರ ಸಂಚಾರದ ಎಣಿಕೆಗೂ ರಾತ್ರಿ ಹೆದ್ದಾರಿಯ ಅಪಘಾತಗಳಿಗೂ ನಡುವೆ ಅಳೆಯದ ದೂರ ಬಹಳವಿದೆ.

ಮೂರು ಮತ್ತು ಆರು ತಿಂಗಳ ಸುತ್ತುಗಳ ಫಲಿತಾಂಶ ಇಳಿದಿದ್ದರೂ ಅದನ್ನು ಮೊದಲ ಕೋಷ್ಟಕದಲ್ಲಿಯೇ ಸೇರಿಸಿ, ಅನುಬಂಧಕ್ಕೆ ತಳ್ಳಬೇಡಿ. ಮೂಲ ನಮೂನೆಗಳು, ಜಾಗಗಳ ಪಟ್ಟಿ, ವೀಕ್ಷಕರು ನಿಂತ ಕಂಬದ ಗುರುತಿರುವ ಕೈನಕ್ಷೆ, ಸಂಕೇತಗಳ ವಿವರ ಮತ್ತು ಎಕ್ಸೆಲ್ ಕಡತವನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಕಡತಕ್ಕೂ ಸ್ಥಳೀಯ ಕಾಲೇಜೊಂದಕ್ಕೂ ಒಂದೊಂದು ಪ್ರತಿಯಾಗಿ ಒಪ್ಪಿಸಿ. ಮುಂದಿನ ಜನವರಿಯ ಹೊತ್ತಿಗೆ ಎಸ್‌ಪಿ ಮತ್ತು ಆರ್‌ಟಿಓ ಇಬ್ಬರೂ ವರ್ಗವಾಗಿರಬಹುದು, ಆಗ ಹೊಸ ತಂಡವು ಅದೇ 26 ಜಾಗಗಳಲ್ಲಿ ಅದೇ ಕಂಬಗಳ ಬಳಿ ನಿಲ್ಲಲು ಈ ಕಡತವೊಂದೇ ಆಧಾರ.